ಗಾಜಿಪುರದ ಪ್ಲಗ್ಗು ಪರದೇಶದ ಗೋಡೆಗೆ

ದೂರದ ಪ್ರಯಾಣವೆಂದರೆ ನಮ್ಮ ಹಿರಿಯರಿಗೆ ಕಾಶಿ, ಕೇದಾರ, ಶ್ರೀಶೈಲಗಳು. ಬುತ್ತಿ, ತಂಬಿಗೆ, ಕಂಬಳಿ ಇದ್ದರೆ ಸಾಕಿತ್ತು. ಇಂದು ಕಲಬುರಗಿಯ ಓಣಿ ಓಣಿಗಳಿಂದ ತಂದೆ-ತಾಯಿಗಳು ಮಗಳ ಬಾಣಂತನಕ್ಕೆಂದು, ಮೊಮ್ಮಕ್ಕಳ ಮುಖ ನೋಡಬೇಕೆಂದು ಸಮುದ್ರ ದಾಟುತ್ತಿದ್ದಾರೆ. ಜೋಳದ ಹಿಟ್ಟು, ಶೇಂಗಾ ಹಿಂಡಿ, ವಿಭೂತಿ ಗಟ್ಟಿಗಳ ಜೊತೆಗೆ ಅವರ ಪೆಟ್ಟಿಗೆಯಲ್ಲಿ ಇನ್ನೊಂದು ಚಿಕ್ಕ ವಸ್ತುವೂ ಸೇರಿಕೊಂಡಿದೆ. ಅದು ಪ್ಲಗ್ ಅಡಾಪ್ಟರ್. ಅದರ ವಿಷಯದಲ್ಲಿ ನಾನು ಮಾಡಿದ ತಪ್ಪು ಬಾಂಧವರಿಗೆ ಉಪಯೋಗವಾಗಲೆಂದು ಈ ಬರೆಹ.

2023ರ ಏಪ್ರಿಲ್ ತಿಂಗಳು. ಗಾಜಿಪುರದ ನಮ್ಮ ಮನೆಯಲ್ಲಿ ಪ್ರಯಾಣದ ಸಿದ್ಧತೆ ನಡೆದಿತ್ತು. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ತುಂಬು ಗರ್ಭಿಣಿ. ದಾರಿಯಲ್ಲಿ ಲಂಡನ್ನಿನಲ್ಲಿ ಎರಡು ದಿನ ತಂಗಿ, ಥೇಮ್ಸ್ ನದಿಯ ದಂಡೆಯ ಮೇಲಿರುವ ಬಸವೇಶ್ವರರ ಪ್ರತಿಮೆಯನ್ನು ಕಾಣಬೇಕೆಂಬುದು ನಮ್ಮ ಹಂಬಲ. ನನ್ನ ಧರ್ಮಪತ್ನಿಗೆ ಬಹುಕಾಲದಿಂದ ಉಬ್ಬಸ. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಯಂತ್ರವಿಲ್ಲದೆ ಆಕೆ ಎಲ್ಲಿಗೂ ಹೋಗುವಂತಿಲ್ಲ. ನಸುಕಿನ ಸ್ನಾನಕ್ಕೆ ನೀರು ಕಾಯಿಸುವ ರಾಡನ್ನೂ ನಾನು ಪೆಟ್ಟಿಗೆಗೆ ಹಾಕಿದ್ದೆ. “ಅಪ್ಪಾಜಿ, ಇಲ್ಲಿ ನಳ ತಿರುವಿದ್ರ ಬಿಸಿನೀರು ಬರ್ತದ” ಎಂದು ಮಗಳು ಫೋನಿನಲ್ಲೇ ಅದನ್ನು ತೆಗೆಸಿದಳು.

ಪೇಟೆಯ ಅಂಗಡಿಯೊಂದರಲ್ಲಿ ಎಲ್ಲ ದೇಶಗಳಿಗೂ ಹೊಂದುವ ಅಡಾಪ್ಟರ್ ಕೊಂಡೆ. “ಎಲ್ಲಾ ದೇಶದಾಗೂ ನಡೀತದ ಸರ, ಚಿಂತಿ ಮಾಡಬ್ಯಾಡ್ರಿ” ಎಂದರು ಅಂಗಡಿಯವರು. ಅವರ ಮಾತು ಸುಳ್ಳಲ್ಲ, ಅರ್ಧ ಸತ್ಯ. ಆ ಅರ್ಧವನ್ನು ನಾನು ಪೂರ್ಣವೆಂದು ತಿಳಿದೆ.

ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದೀತೀರದಲ್ಲಿ ಆ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ತಂಪು ಗಾಳಿಯಲ್ಲಿ ಬಹಳ ಹೊತ್ತು ಅಲ್ಲಿ ನಿಂತೆವು. ರಾತ್ರಿ ವಸತಿಗೃಹಕ್ಕೆ ಮರಳಿದಾಗ ಧರ್ಮಪತ್ನಿಗೆ ಉಸಿರು ಬಿಗಿಯಿತು. ನಮ್ಮ ಪ್ಲಗ್ಗಿನ ದುಂಡು ಕಡ್ಡಿಗಳು ಅಲ್ಲಿಯ ಚಪ್ಪಟೆ ರಂಧ್ರಗಳಿಗೆ ಇಳಿಯಲಿಲ್ಲ. ಅಡಾಪ್ಟರ್ ಹಾಕಿದೊಡನೆ ಯಂತ್ರ ನಡೆಯಿತು, ಉಸಿರು ಸಡಿಲವಾಯಿತು.

ಆ ಗೋಡೆಯ ಸಾಕೆಟ್ಟಿಗೂ ಒಂದು ಇತಿಹಾಸವಿದೆ. ನಾವು ಮನೆಮನೆಗಳಲ್ಲಿ ಬಳಸುವ ಮೂರು ದುಂಡು ಕಡ್ಡಿಯ ಪ್ಲಗ್ಗು ಮೂಲತಃ ಇಂಗ್ಲಿಷರದೇ. 1934ರಲ್ಲಿ ಅವರು ಗೊತ್ತುಪಡಿಸಿದ ಅಳತೆಯನ್ನೇ ನಮ್ಮ ದೇಶ ಉಳಿಸಿಕೊಂಡಿತು. ಇಂದಿನ 6 ಆಂಪಿಯರ್, 16 ಆಂಪಿಯರ್ ಪ್ಲಗ್ಗುಗಳು ಅದೇ ವಂಶದವು. ಎರಡನೆಯ ಮಹಾಯುದ್ಧದ ನಂತರ ತಾಮ್ರದ ಕೊರತೆಯಲ್ಲಿ ಮನೆಗಳ ತಂತಿ ಜೋಡಣೆಯನ್ನೇ ಬದಲಿಸಿದ ಇಂಗ್ಲಿಷರು 1947ರಲ್ಲಿ ಚಪ್ಪಟೆ ಕಡ್ಡಿಯ ಹೊಸ ಪ್ಲಗ್ಗನ್ನು ತಂದರು. ಅದರೊಳಗೆ ಪುಟ್ಟ ಫ್ಯೂಜ್ ಇರುತ್ತದೆ. ಉದ್ದನೆಯ ಅರ್ಥಿಂಗ್ ಕಡ್ಡಿ ಒಳಸೇರಿದ ಮೇಲೆಯೇ ಉಳಿದ ರಂಧ್ರಗಳ ಮುಚ್ಚಳ ತೆರೆಯುತ್ತದೆ. ಅವರು ಬಿಟ್ಟದ್ದು ನಮ್ಮಲ್ಲಿ ಉಳಿಯಿತು. ಆಕಾರ ಬೇರೆಯಾದರೂ ವಿದ್ಯುತ್ತಿನ ಒತ್ತಡ ಎರಡೂ ಕಡೆ 230 ವೋಲ್ಟ್, ಆವರ್ತನ 50 ಹರ್ಟ್ಸ್. ಲಂಡನ್ನಿನಲ್ಲಿ ನಮ್ಮ ಯಂತ್ರ ನಡೆದದ್ದು ಇದರಿಂದಲೇ. ನಾನು ಮಾತ್ರ ಅದನ್ನು ಅಡಾಪ್ಟರಿನ ಮಹಿಮೆಯೆಂದು ಭಾವಿಸಿದೆ.

ನ್ಯೂಜೆರ್ಸಿಯಲ್ಲಿ ಮೂರನೆಯ ರಾತ್ರಿ ಮತ್ತೆ ಉಬ್ಬಸ. ಅಡಾಪ್ಟರ್ ಹಾಕಿದೆ, ಅಲ್ಲಿಯ ಗೋಡೆಯಲ್ಲಿ ಅದು ಸರಿಯಾಗಿಯೇ ಕೂತಿತು. ಯಂತ್ರ ಮಾತ್ರ ಸಣ್ಣಗೆ ಗುಂಯ್‌ಗುಟ್ಟಿತು, ಮಂಜು ಏಳಲಿಲ್ಲ. ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟಿನ ಯಂತ್ರಕ್ಕೆ ಅರ್ಧ ಶಕ್ತಿಯೂ ದೊರೆಯಲಿಲ್ಲ. ಧರ್ಮಪತ್ನಿ ಹಾಸಿಗೆಯ ಅಂಚು ಹಿಡಿದು ಉಸಿರಿಗಾಗಿ ಕಷ್ಟಪಡುತ್ತಿದ್ದರೆ ನಾನು ಪ್ಲಗ್ಗನ್ನು ಕಿತ್ತು ಕಿತ್ತು ಹಾಕುತ್ತಿದ್ದೆ. ತುಂಬು ಗರ್ಭಿಣಿಯಾದ ಮಗಳು ಎದ್ದು ಬಂದು, ತಾಯಿಯ ಕೈಚೀಲದಲ್ಲಿದ್ದ ಇನ್‌ಹೇಲರ್ ಹುಡುಕಿ ಕೊಟ್ಟಳು. ಬೆಳಗಾಗುವಷ್ಟರಲ್ಲಿ ಉಸಿರು ಹತೋಟಿಗೆ ಬಂತು. ಮರುದಿನ ವೈದ್ಯರ ಸಲಹೆಯಂತೆ ಅಲ್ಲಿಯ ವಿದ್ಯುತ್ತಿಗೆ ಹೊಂದುವ ಯಂತ್ರವನ್ನೇ ತಂದೆವು.

ಅಡಾಪ್ಟರ್ ಕಡ್ಡಿಯ ಆಕಾರವನ್ನು ಮಾತ್ರ ಹೊಂದಿಸುತ್ತದೆ, ವೋಲ್ಟನ್ನು ಬದಲಿಸುವುದಿಲ್ಲ. ವೋಲ್ಟ್ ಬದಲಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಆವರ್ತನವನ್ನು ಬದಲಿಸಲಾರದು. ಮಠದಲ್ಲಿ ಓಲೆಗರಿ ಓದಿಸುವಾಗ ನಮ್ಮ ಗುರುಗಳು ಒಂದಕ್ಷರವನ್ನೂ ಬಿಡಗೊಡುತ್ತಿರಲಿಲ್ಲ. ಅಷ್ಟು ಓದಿದ ನಾನು ಯಂತ್ರದ ಹಿಂದೆ ಅಚ್ಚಾಗಿದ್ದ ಒಂದು ಸಾಲನ್ನು ಓದದೆ ಹೊರಟಿದ್ದೆ.

ಹೊರಡುವವರು ಮೊದಲು ಪ್ರತಿಯೊಂದು ಉಪಕರಣವನ್ನೂ ತಿರುವಿ ಆ ಸಾಲನ್ನು ಓದಬೇಕು. “100–240 ವೋಲ್ಟ್, 50/60 ಹರ್ಟ್ಸ್” ಎಂದಿದ್ದರೆ ಅಡಾಪ್ಟರ್ ಒಂದೇ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಬಹುತೇಕ ಹೀಗೆಯೇ ಇರುತ್ತವೆ. ಬರಿಯ 230 ಎಂದಿದ್ದರೆ ಅಮೆರಿಕ, ಕೆನಡಾ, ಜಪಾನುಗಳಿಗೆ ಒಯ್ಯಬಾರದು. 1000 ವ್ಯಾಟಿನ ನಮ್ಮ ಇಸ್ತ್ರಿ ಪೆಟ್ಟಿಗೆ 120 ವೋಲ್ಟಿನಲ್ಲಿ ಸುಮಾರು 270 ವ್ಯಾಟಿನಷ್ಟೇ ಕಾಯುತ್ತದೆ. ಅಲ್ಲಿಯ 120 ವೋಲ್ಟಿನ ಉಪಕರಣವನ್ನು ಕಲಬುರಗಿಗೆ ತಂದು ಹಾಕಿದರೆ ಅದು ಸುಟ್ಟೇ ಹೋದೀತು. ಮಿಕ್ಸರ್ ಹೊತ್ತೊಯ್ಯುವ ತಾಯಂದಿರೂ ಗಮನಿಸಬೇಕು. 750 ವ್ಯಾಟಿನ ಮಿಕ್ಸರಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಮಿಕ್ಸರಿಗಿಂತ ಭಾರವಾದೀತು. ಅಮೆರಿಕಕ್ಕೆಂದೇ 110 ವೋಲ್ಟಿನಲ್ಲಿ ತಯಾರಾದ ಭಾರತೀಯ ಮಿಕ್ಸರುಗಳು ಅಲ್ಲಿಯೇ ದೊರೆಯುತ್ತವೆ.

ಇನ್ನು ಆಕಾರ. ದುಬೈ, ಸಿಂಗಪುರ, ಮಲೇಷ್ಯಾಗಳಲ್ಲಿ ಇಂಗ್ಲೆಂಡಿನಂತೆಯೇ ಮೂರು ಚಪ್ಪಟೆ ಕಡ್ಡಿ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಎರಡು ದುಂಡು ಕಡ್ಡಿ. ಆಸ್ಟ್ರೇಲಿಯಾದಲ್ಲಿ ಓರೆಯಾದ ಚಪ್ಪಟೆ ಕಡ್ಡಿ. ಇಲ್ಲೆಲ್ಲ ವೋಲ್ಟ್ ಸುಮಾರಾಗಿ ನಮ್ಮದೇ. ಹೋಗುವುದು ಒಂದೇ ದೇಶಕ್ಕಾದರೆ ಆ ದೇಶದ್ದೊಂದೇ ಅಡಾಪ್ಟರ್ ಕೊಳ್ಳುವುದು ಲೇಸು. ಅದು ಗಟ್ಟಿಯಾಗಿ ಕೂರುತ್ತದೆ. ಎಲ್ಲ ದೇಶಗಳ ಅಡಾಪ್ಟರುಗಳಲ್ಲಿ ಅನೇಕವಕ್ಕೆ ಅರ್ಥಿಂಗ್ ಸಂಪರ್ಕವಿರುವುದಿಲ್ಲ. ಮೂರು ಕಡ್ಡಿಯ ಲೋಹದ ಉಪಕರಣಗಳನ್ನು ಅವಕ್ಕೆ ಸಿಕ್ಕಿಸಬಾರದು. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಮಿತಿಯನ್ನೂ ಮೀರಬಾರದು. ಮುಟ್ಟಿದಾಗ ಬಿಸಿಯೆನಿಸಿದರೆ ಕೂಡಲೆ ತೆಗೆಯಬೇಕು. ಪವರ್ ಬ್ಯಾಂಕನ್ನು ವಿಮಾನದಲ್ಲಿ ಕೈಚೀಲದಲ್ಲೇ ಇರಿಸಿಕೊಳ್ಳಬೇಕು. ಉಸಿರಿಗೆ, ಹೃದಯಕ್ಕೆ ಬೇಕಾದ ಯಂತ್ರವಿದ್ದವರು ವೈದ್ಯರನ್ನು ಕೇಳಿ, ಎರಡೂ ವೋಲ್ಟಿಗೆ ನಡೆಯುವುದನ್ನೋ ಬ್ಯಾಟರಿಯದನ್ನೋ ಮೊದಲೇ ಹೊಂದಿಸಿಕೊಳ್ಳಬೇಕು.

ಮೊಮ್ಮಗಳನ್ನು ಎತ್ತಿ ಆಡಿಸಿ, ಆರು ತಿಂಗಳು ತುಂಬುವ ಮೊದಲೇ ಗಾಜಿಪುರಕ್ಕೆ ಮರಳಿದೆವು. ನಮ್ಮ ಓಣಿಯಿಂದ ಪರದೇಶಕ್ಕೆ ಹೊರಡುವವರು ಈಗ ಆ ಅಡಾಪ್ಟರನ್ನು ಕೇಳಿ ಒಯ್ಯುತ್ತಾರೆ. ಸಂತೋಷದಿಂದಲೇ ಕೊಡುತ್ತೇನೆ. ಆದರೆ ಕೊಡುವ ಮೊದಲು ಅವರು ಒಯ್ಯುವ ಯಂತ್ರವನ್ನು ತರಿಸಿ, ಕನ್ನಡಕ ಏರಿಸಿ, ಅದರ ಹಿಂದಿನ ಸಾಲನ್ನು ಅವರೆದುರಿಗೇ ಗಟ್ಟಿಯಾಗಿ ಓದುತ್ತೇನೆ.