ಹೋಗುವ ನೀರಿನ ಲೆಕ್ಕ

ನಾಸಿಕದ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ಹೆಣ್ಣುಮಗಳು ಒಂದು ದಿನ ಬಾಗಿಲಿಗೆ ಬಂದು, "ಕಾಕಾ, ನಿಮ್ಮ ಮೋರಿ ನೀರು ನಮ್ಮ ಅಡಿಗೆಮನೆ ಛತ್ತಿಗೆ ಇಳೀತದ" ಎಂದಳು. ಮರಾಠಿಯಲ್ಲಿ ಮೋರಿ ಅಂದರೆ ಬಚ್ಚಲು. ನಮ್ಮಲ್ಲಿ ಒಂದು ಹನಿಯೂ ಸೋರುತ್ತಿರಲಿಲ್ಲ. ಮಳೆಗಾಲದ ತೇವ ಇರಬೇಕು ಎಂದು ಸಾಗಹಾಕಿದೆ. ಅಲ್ಲಿಂದ ಮಾತು ನಿಂತಿತು. ಆ ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳುಬೆಲ್ಲವೂ ಬರಲಿಲ್ಲ.

ಕೊನೆಗೆ ನನ್ನಾಕೆ, "ಮೂವತ್ತು ವರ್ಷ ಬ್ಯಾಂಕಿನ್ಯಾಗ ಮಂದೀ ಲೆಕ್ಕ ತಪಾಸಣಿ ಮಾಡೀರಿ, ನಮ್ಮ ಬಚ್ಚಲದ್ದೂ ಒಮ್ಮೆ ಆಗ್ಲಿ" ಅಂದಳು.

ಅನುಭವಸ್ಥ ಪ್ಲಂಬರನನ್ನು ಕರೆಸಿದೆ. ಆತ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿ, ಕೈಪಂಪಿನಿಂದ ಪೈಪಿನಲ್ಲಿ ನೀರಿನ ಒತ್ತಡ ಏರಿಸಿ, ಗೇಜಿನ ಮುಳ್ಳು ನೋಡುತ್ತ ಕೂತ. ಅರ್ಧ ಗಂಟೆಯಾದರೂ ಮುಳ್ಳು ಇಳಿಯಲಿಲ್ಲ. "ನೋಡಿದ್ಯಾ?" ಎಂದು ಹೆಂಡತಿಯತ್ತ ತಿರುಗಿದೆ. ಆತ ನಕ್ಕು, "ಕಾಕಾ, ಇದು ಬರೋ ನೀರಿನ ಲೆಕ್ಕ. ಹೋಗೋ ನೀರಿಂದು ಇನ್ನೂ ಬಾಕಿ ಅದ" ಎಂದ. ಬಚ್ಚಲಿನ ತೂತಿನ ಕೆಳಗಿನ ಪೈಪಿಗೆ ಬಿರಡೆ ಬಿಗಿದು, ಗುಲಾಬಿ ಬಣ್ಣ ಕದಡಿದ ನೀರು ನಿಲ್ಲಿಸಿ ಹೋದ. ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಛತ್ತಿನಲ್ಲಿ ಗುಲಾಬಿ ಕಲೆ ಮೂಡಿತ್ತು!

ಆಗ ಔರಂಗಾಬಾದ್ ನೆನಪಾಯಿತು. 2023ರಿಂದ ಅದು ಛತ್ರಪತಿ ಸಂಭಾಜಿನಗರ. ಅಲ್ಲಿಗೆ ವರ್ಗವಾಗಿದ್ದಾಗ ನಲ್ಲಿ ನೀರು ಬರುವ ದಿನಕ್ಕೆ ಕಾದು ಡ್ರಮ್ಮು ತುಂಬಿಸಿಕೊಳ್ಳುತ್ತಿದ್ದೆವು. ಅದೇ ಊರಿಗೆ 17ನೇ ಶತಮಾನದ ಆರಂಭದಲ್ಲಿ ಮಲಿಕ್ ಅಂಬರ್ ನೆಲದಡಿಯ ನಹರಿನಿಂದ ನೀರು ತಂದಿದ್ದ. ಪಂಪಿಲ್ಲ, ವಿದ್ಯುತ್ತಿಲ್ಲ, ಬರೀ ಇಳಿಜಾರು. ಅದಕ್ಕೂ ನಡುನಡುವೆ ಇಳಿದು ನೋಡಲು, ಕೆಸರು ತೆಗೆಯಲು ಬಾಯಿಗಳನ್ನು ಬಿಟ್ಟಿದ್ದರು. ನಮ್ಮ ಬಚ್ಚಲಿನಲ್ಲಿ ಎಲ್ಲವೂ ಟೈಲ್ಸಿನ ಹಿಂದೆ. ಊರ ಮನೆಯಲ್ಲಾದರೆ ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಇಲ್ಲಿ ನಮ್ಮ ತಪ್ಪು ಮೊದಲು ಕಾಣುವುದು ಕೆಳಗಿನವರಿಗೆ. ಅವರು ಹೇಳಿದ್ದನ್ನು ಕೇಳಿಸಿಕೊಳ್ಳದಿದ್ದರೆ ತಪಾಸಣೆಗೆ ಇದ್ದ ಒಂದೇ ಬಾಯಿಯೂ ಮುಚ್ಚಿದಂತೆ.

ಅಂದೇ ಕೆಳಗಿಳಿದು, "ತಪ್ಪು ನಮ್ಮದೇ ಮಗಳೇ" ಎಂದೆ. ಬಚ್ಚಲು ಒಡೆಸಿ, ಬಿರುಕುಬಿಟ್ಟಿದ್ದ ಪೈಪಿನ ಜೋಡು ಬದಲಿಸಿದೆವು. ಅವರ ಛತ್ತಿಗೆ ಸುಣ್ಣದ ಖರ್ಚು ನಾನೇ ಕೊಟ್ಟೆ. ಕೆಲಸ ನಡೆದ ಆರು ದಿನ ನಮ್ಮಿಬ್ಬರ ಸ್ನಾನ ಅವರ ಮನೆಯಲ್ಲೇ. ಎಳ್ಳುಬೆಲ್ಲ ಹೋಗಲಿ, ಬಿಸಿನೀರೇ ಸಿಕ್ಕಿತು.