ಏಳು ಕೋಡುಗಳ ಮನೆ

ಸೇಲಂ ಎಂದೊಡನೆ ನಮ್ಮವರಿಗೆ ನೆನಪಾಗುವುದು ತಮಿಳುನಾಡಿನ ಊರು. ಅದೇ ಹೆಸರಿನ ಇನ್ನೊಂದು ಊರು ಅಮೆರಿಕದ ಈಶಾನ್ಯ ತೀರದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದೆ. ಬಾಸ್ಟನ್ ನಗರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರ. ರೈಲಿನಲ್ಲಿ ಅರ್ಧ ಗಂಟೆಯ ಪಯಣ. ಅಲ್ಲಿನ ಮೂಲನಿವಾಸಿಗಳು ಆ ನೆಲವನ್ನು ನಾಮ್‌ಕೀಗ್ ಎಂದು ಕರೆಯುತ್ತಿದ್ದರು. 1626ರಲ್ಲಿ ಇಂಗ್ಲಿಷ್ ವಲಸಿಗರು ಬಂದು ನೆಲೆಯೂರಿದರು. ಮುಂದೆ ಅವರು ಇಟ್ಟ ಹೊಸ ಹೆಸರಿನ ಮೂಲ ಹೀಬ್ರೂ ಭಾಷೆಯ ಪದ. ಅದರ ಅರ್ಥ ಶಾಂತಿ. ಶಾಂತಿಯ ಹೆಸರು ಹೊತ್ತ ಈ ಊರಿನ ಕೀರ್ತಿ ಮಾತ್ರ ಬೆಳೆದುಬಂದದ್ದು ಒಂದು ಘೋರ ಅನ್ಯಾಯದಿಂದ ಮತ್ತು ಆ ಅನ್ಯಾಯದ ನೆರಳಿನಲ್ಲಿ ಹುಟ್ಟಿದ ಒಂದು ಕಾದಂಬರಿಯಿಂದ. ಆ ಕಾದಂಬರಿಗೆ ಹೆಸರು ಕೊಟ್ಟ ಮನೆ ಇಂದಿಗೂ ಸಮುದ್ರದ ಅಂಚಿನಲ್ಲಿ ನಿಂತಿದೆ.

ರೈಲು ನಿಲ್ದಾಣದಿಂದ ಆ ಮನೆಯವರೆಗೆ ಕಾಲ್ನಡಿಗೆಯಲ್ಲೇ ಹೋಗಬಹುದು. ದಾರಿಯಲ್ಲಿ ನೋಡಲೇಬೇಕಾದ ಎರಡು ಸ್ಥಳಗಳಿವೆ. ಅವುಗಳನ್ನು ನೋಡದೆ ಹೋದವನಿಗೆ ಮನೆ ಕೇವಲ ಹಳೆಯ ಕಟ್ಟಡವಾಗಿ ಕಂಡೀತು. ನೋಡಿ ಹೋದವನಿಗೆ ಅದರ ಒಂದೊಂದು ಕೋಣೆಯೂ ಮಾತನಾಡುತ್ತದೆ.

ಚಾರ್ಟರ್ ಬೀದಿಯ ಕಲ್ಲುಗಳು

ಮೊದಲನೆಯದು ಚಾರ್ಟರ್ ಬೀದಿಯ ಪುರಾತನ ಸ್ಮಶಾನ. ಮರಗಳ ನೆರಳಿನಲ್ಲಿ ಬಾಗಿ ನಿಂತ ಸಮಾಧಿಶಿಲೆಗಳ ನಡುವೆ ಜಾನ್ ಹಾಥಾರ್ನ್ ಎಂಬುವನ ಶಿಲೆಯಿದೆ. 1692ರಲ್ಲಿ ಸೇಲಂ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಮಾಟಗಾತಿಯರ ಭೀತಿ ಹರಡಿದಾಗ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಈತನೂ ಒಬ್ಬ. ಕೆಲವು ಬಾಲಕಿಯರು ತಮಗೆ ಅದೃಶ್ಯ ಶಕ್ತಿಗಳ ಬಾಧೆಯೆಂದು ಚೀರಾಡಿ ಬೆರಳು ತೋರಿದವರೆಲ್ಲ ಆರೋಪಿಗಳಾದರು. ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂದಿತು. ಹದಿನಾಲ್ಕು ಮಂದಿ ಹೆಂಗಸರು, ಐವರು ಗಂಡಸರು, ಒಟ್ಟು 19 ಜನ ನೇಣಿಗೇರಿದರು. 71 ವರ್ಷದ ರೆಬೆಕ್ಕಾ ನರ್ಸ್ ಎಂಬ ದೈವಭಕ್ತ ವೃದ್ಧೆಯೂ ಅವರಲ್ಲಿ ಒಬ್ಬಳು. ಜೈಲ್ಸ್ ಕೋರಿ ಎಂಬ ಮುದುಕ ನ್ಯಾಯಾಲಯಕ್ಕೆ ಉತ್ತರ ಕೊಡಲು ಒಪ್ಪದಿದ್ದಾಗ, ಎದೆಯ ಮೇಲೆ ಕಲ್ಲು ಹೇರಿ ಆತನನ್ನು ಕೊಂದರು. ಸಾಯುವ ಮುನ್ನ ಆತ ಸೆರೆಮನೆಯಿಂದಲೇ ತನ್ನ ಜಮೀನನ್ನು ಇಬ್ಬರು ಅಳಿಯಂದಿರ ಹೆಸರಿಗೆ ಬರೆದುಕೊಟ್ಟಿದ್ದ.

ಈ ಪ್ರಕರಣವನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಬಿಡುವಂತಿಲ್ಲ. ಆರೋಪಿಸಿದ ಮನೆತನಗಳಿಗೂ ಆರೋಪಕ್ಕೆ ಗುರಿಯಾದ ಮನೆತನಗಳಿಗೂ ನಡುವೆ ಹೊಲದ ಗಡಿಯ ತಂಟೆಗಳೂ ಹಳೆಯ ಹಗೆಗಳೂ ಇದ್ದುದನ್ನು ಇತಿಹಾಸಕಾರರು ದಾಖಲೆಗಳಿಂದ ತೋರಿಸಿದ್ದಾರೆ. ಸೆರೆಯಾದವರ ದನಕರು, ಪಾತ್ರೆಪದಾರ್ಥಗಳನ್ನು ಅಧಿಕಾರಿಗಳು ಹೊತ್ತೊಯ್ದದ್ದೂ ಉಂಟು. ದೇವರ ಹೆಸರಿನಲ್ಲಿ ನಡೆದ ವಿಚಾರಣೆಯ ಅಡಿಯಲ್ಲಿ ಮಣ್ಣಿನ ಆಸೆಯೂ ಹರಿಯುತ್ತಿತ್ತು.

ಸ್ಮಶಾನದ ಪಕ್ಕದಲ್ಲೇ 1992ರಲ್ಲಿ, ಘಟನೆಗೆ 300 ವರ್ಷ ತುಂಬಿದಾಗ, ಒಂದು ಸ್ಮಾರಕ ನಿರ್ಮಾಣವಾಯಿತು. ಕಲ್ಲಿನ ಗೋಡೆಯಿಂದ ಹೊರಚಾಚಿದ ಇಪ್ಪತ್ತು ಕಲ್ಲುಪೀಠಗಳು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು, ಸತ್ತ ದಿನ. ಹೊಸ್ತಿಲಿನ ಕಲ್ಲುಗಳಲ್ಲಿ ಸತ್ತವರು ತಾವು ನಿರಪರಾಧಿಗಳೆಂದು ಮೊರೆಯಿಟ್ಟ ಮಾತುಗಳನ್ನು ಕೆತ್ತಿದ್ದಾರೆ. ತೀರ್ಪಿತ್ತವರಲ್ಲಿ ಸ್ಯಾಮ್ಯುಯೆಲ್ ಸೀವಾಲ್ ಎಂಬ ನ್ಯಾಯಾಧೀಶ 1697ರಲ್ಲಿ ತುಂಬಿದ ಚರ್ಚಿನಲ್ಲಿ ಎದ್ದು ನಿಂತು, ಆ ಪಾಪದ ಹೊಣೆ ತನ್ನದೆಂದು ಒಪ್ಪಿಕೊಂಡ. ಜಾನ್ ಹಾಥಾರ್ನ್ ಹಾಗೆ ಮಾಡಿದ ಕುರುಹಿಲ್ಲ. ಆತ 1717ರಲ್ಲಿ ತೀರಿಕೊಂಡ. ಒಪ್ಪಿಕೊಳ್ಳದೆ ಬಿಟ್ಟುಹೋದ ಆ ಸಾಲ ವಂಶದಲ್ಲಿ ಕೆಳಕೆಳಗೆ ಇಳಿದು, ನಾಲ್ಕು ತಲೆಮಾರುಗಳ ನಂತರ ಹುಟ್ಟಿದ ಒಬ್ಬ ಲೇಖಕನ ಎದೆಯನ್ನು ತಲುಪಿತು.

ಸುಂಕದ ಕಟ್ಟೆಯ ಲೇಖಕ

ಸಮುದ್ರದ ದಿಕ್ಕಿಗೆ ಇನ್ನಷ್ಟು ನಡೆದರೆ ಡರ್ಬಿ ಬೀದಿ ಸಿಗುತ್ತದೆ. 18ನೆಯ ಶತಮಾನದ ಕೊನೆಯಿಂದ ಈ ಬಂದರಿನ ಹಡಗುಗಳು ಸುಮಾತ್ರದ ಕರಿಮೆಣಸು, ಕಲ್ಕತ್ತೆಯ ಬಟ್ಟೆ ಮುಂತಾದ ಪೂರ್ವದೇಶಗಳ ಸರಕು ತಂದು ಊರನ್ನು ಸಿರಿವಂತವಾಗಿಸಿದ್ದವು. ಆ ವೈಭವದ ಕುರುಹಾಗಿ 1819ರ ಸುಂಕದ ಕಚೇರಿ ಇಂದಿಗೂ ಉಳಿದಿದೆ. ಇಲ್ಲಿ 1846ರಿಂದ 1849ರವರೆಗೆ ನಥಾನಿಯಲ್ ಹಾಥಾರ್ನ್ ಅಧಿಕಾರಿಯಾಗಿದ್ದ. ಇದೇ ಊರಿನಲ್ಲಿ 1804ರ ಜುಲೈ 4ರಂದು ಹುಟ್ಟಿದವನು. ಹಡಗಿನ ಕಪ್ತಾನನಾಗಿದ್ದ ತಂದೆಯನ್ನು 1808ರಲ್ಲಿ ಕಳೆದುಕೊಂಡು ತಾಯಿಯ ಕಡೆಯ ಬಂಧುಗಳ ಆಶ್ರಯದಲ್ಲಿ ಬೆಳೆದವನು. ನ್ಯಾಯಾಧೀಶ ಜಾನ್ ಈತನ ಮುತ್ತಜ್ಜನ ತಂದೆ. ಜಾನನ ತಂದೆ ವಿಲಿಯಂ ಕೂಡ ಕ್ವೇಕರ್ ಪಂಥದವರನ್ನು ಹಿಂಸಿಸಿ ಹೆಸರು ಕೆಡಿಸಿಕೊಂಡವನು.

ದೇಶದ ಆಡಳಿತ ಪಕ್ಷ ಬದಲಾದಾಗ ಕೆಲಸ ಕಳೆದುಕೊಂಡ ಹಾಥಾರ್ನ್, 1850ರಲ್ಲಿ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯನ್ನು ಪ್ರಕಟಿಸಿದ. ಅದರ ಪೀಠಿಕೆಯಲ್ಲಿ ತನ್ನ ಪೂರ್ವಜರ ಹೆಸರೆತ್ತಿ, ಅವರ ಕೃತ್ಯದ ಲಜ್ಜೆಯನ್ನು ತಾನು ಹೊರುವುದಾಗಿಯೂ ಅವರಿಂದ ಕುಲಕ್ಕೆ ತಗುಲಿದ ಶಾಪವೇನಾದರೂ ಇದ್ದರೆ ಅದು ನೀಗಲೆಂದೂ ಬರೆದ. ಹಿರಿಯರ ಕೀರ್ತಿಯನ್ನು ಹಂಚಿಕೊಳ್ಳಲು ಮುಂದಾಗುವವರು ಬಹಳ. ಅವರ ಅಪಕೀರ್ತಿಗೆ ತಲೆಕೊಡುವವರು ಅಪರೂಪ. ಮರುವರ್ಷ 1851ರಲ್ಲಿ ಅದೇ ಭಾರ ಕಥೆಯ ರೂಪ ತಾಳಿತು. 'ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್' ಎಂಬುದು ಅದರ ಹೆಸರು.

ಮನೆ ಮತ್ತು ಕಥೆ

ಎರಡು ಇಳಿಜಾರು ಮಾಡುಗಳು ಕೂಡುವಲ್ಲಿ ಗೋಡೆಯ ನೆತ್ತಿಯ ಮೇಲೆ ಏಳುವ ತ್ರಿಕೋನಕ್ಕೆ ಇಂಗ್ಲಿಷಿನಲ್ಲಿ ಗೇಬಲ್ ಎನ್ನುತ್ತಾರೆ. ಇಲ್ಲಿ ಅದನ್ನು ಕೋಡು ಎಂದು ಕರೆಯೋಣ. ಡರ್ಬಿ ಬೀದಿಯಲ್ಲೇ ಮುಂದೆ ಸಾಗಿದರೆ, ಕಪ್ಪು ಛಾಯೆಯ ಹಲಗೆಗೋಡೆಗಳ, ದಪ್ಪ ಚಿಮಣಿಯ, ಏಳು ಕೋಡುಗಳ ಆ ಮನೆ ಎದುರಾಗುತ್ತದೆ. 1668ರಲ್ಲಿ ಜಾನ್ ಟರ್ನರ್ ಎಂಬ ಸಮುದ್ರವ್ಯಾಪಾರಿ ಇದನ್ನು ಕಟ್ಟಿಸಿದ. ಗುಲಾಮರ ಬೆವರಿನಿಂದ ಸಕ್ಕರೆ ಬೆಳೆಯುತ್ತಿದ್ದ ಬಾರ್ಬಡೋಸ್ ದ್ವೀಪದ ವ್ಯಾಪಾರ ಅವನ ಸಂಪತ್ತಿನ ಮೂಲ. ಮೊಮ್ಮಗನ ಕಾಲಕ್ಕೆ ಆ ಸಂಪತ್ತು ಕರಗಿಹೋಗಿ, 1782ರಲ್ಲಿ ಮನೆ ಇಂಗರ್‌ಸಾಲ್ ಕುಟುಂಬದ ಪಾಲಾಯಿತು. ಆ ಕುಟುಂಬದ ಸುಸಾನಾ ಇಂಗರ್‌ಸಾಲ್ ಹಾಥಾರ್ನನ ಬಂಧು. ಅವಳನ್ನು ಕಾಣಲು ಬರುತ್ತಿದ್ದಾಗ ಮನೆಗಿದ್ದುದು ಮೂರೇ ಕೋಡು, ಉಳಿದವು ಬಿದ್ದುಹೋಗಿದ್ದವು. ಅವುಗಳ ಗುರುತುಗಳನ್ನು ಅಟ್ಟದಲ್ಲಿ ತೋರಿಸಿದ್ದು ಆಕೆಯೇ. ಹಾಥಾರ್ನ್ ಮಾತ್ರ ತನ್ನ ಮನೆ ಕಲ್ಪನೆಯದೇ ಎಂದು ಹೇಳಿಕೊಂಡ.

ಕಥೆ ಹೀಗಿದೆ. ಮ್ಯಾಥ್ಯೂ ಮೌಲ್ ಎಂಬ ಬಡವ ಕಾಡು ಕಡಿದು, ಸಿಹಿನೀರಿನ ಒರತೆಯ ಬಳಿ ಗುಡಿಸಲು ಕಟ್ಟಿಕೊಂಡಿರುತ್ತಾನೆ. ಊರು ಬೆಳೆದಾಗ ಕರ್ನಲ್ ಪಿಂಚನ್ ಎಂಬ ಪ್ರಬಲನಿಗೆ ಆ ಜಾಗದ ಮೇಲೆ ಕಣ್ಣು ಬೀಳುತ್ತದೆ. ಮೌಲ್ ಬಿಟ್ಟುಕೊಡಲೊಲ್ಲ. ಅಷ್ಟರಲ್ಲಿ ಅವನ ಮೇಲೆ ಮಾಟದ ಆರೋಪ; ಅವನನ್ನು ಗಲ್ಲಿಗೆ ಕಳುಹಿಸಲು ಕರ್ನಲನದೇ ಮುಂದಾಳುತನ. ಗಲ್ಲಿನ ಮೆಟ್ಟಿಲ ಮೇಲಿಂದ ಮೌಲ್, ದೇವರು ಇವನಿಗೆ ರಕ್ತವನ್ನೇ ಕುಡಿಸುವನೆಂದು ಶಪಿಸುತ್ತಾನೆ. 1692ರಲ್ಲಿ ಸಾರಾ ಗುಡ್ ಎಂಬ ಬಡಹೆಂಗಸು ಪಾದ್ರಿಯೊಬ್ಬನಿಗೆ ನಿಜವಾಗಿ ಹಾಕಿದಳೆಂದು ಹೇಳುವ ಶಾಪ ಅದು. ಕರ್ನಲ್ ಅದೇ ಜಾಗದಲ್ಲಿ ಏಳು ಕೋಡುಗಳ ಮನೆ ಕಟ್ಟಿಸುತ್ತಾನೆ, ಅದೂ ಸತ್ತವನ ಮಗನಾದ ಬಡಗಿಯ ಕೈಯಿಂದಲೇ. ಗೃಹಪ್ರವೇಶದ ದಿನ ಅತಿಥಿಗಳು ಒಳಕೋಣೆಯ ಬಾಗಿಲು ತೆರೆದರೆ, ಕರ್ನಲ್ ತನ್ನ ಚಿತ್ರಪಟದ ಕೆಳಗೆ ಕುರ್ಚಿಯಲ್ಲೇ ಸತ್ತು ಕುಳಿತಿದ್ದಾನೆ. ಗಡ್ಡದ ಮೇಲೆ ರಕ್ತ. ಒರತೆಯ ನೀರೂ ರುಚಿಗೆಡುತ್ತದೆ.

ಹಳೆಯ ಮನೆ, ಶಾಪ, ಬಚ್ಚಿಟ್ಟ ರಹಸ್ಯಗಳನ್ನು ಹೆಣೆದ ಇಂಥ ಭಯಾನಕ ಕಥೆಗಳಿಗೆ ಇಂಗ್ಲಿಷಿನಲ್ಲಿ ಗಾಥಿಕ್ ಎಂಬ ಹೆಸರಿದೆ. ಆದರೆ ಇಲ್ಲಿ ನಿಜವಾಗಿ ಭಯ ಹುಟ್ಟಿಸುವುದು ದೆವ್ವವಲ್ಲ, ಒಂದು ಕಾಗದದ ಆಸೆ. ಪೂರ್ವದ ಮೇಯ್ನ್ ಪ್ರದೇಶದಲ್ಲಿ ಒಂದು ಸಂಸ್ಥಾನದಷ್ಟು ಭೂಮಿ ತಮಗೆ ಬರಬೇಕು, ಅದರ ಹಕ್ಕುಪತ್ರ ಮನೆಯಲ್ಲೆಲ್ಲೋ ಇದೆ ಎಂಬುದು ಪಿಂಚನ್ ವಂಶದವರ ನಂಬಿಕೆ. ತಲೆಮಾರುಗಳು ಆ ಕನಸಿನಲ್ಲೇ ಸವೆಯುತ್ತವೆ. ಆ ಪತ್ರದ ಆಸೆಗಾಗಿ ಒಬ್ಬ ತಂದೆ, ಮೌಲ್ ವಂಶದ ಬಡಗಿಯೊಬ್ಬ ತನ್ನ ಮಗಳು ಆಲಿಸಳನ್ನು ವಶೀಕರಣಕ್ಕೆ ಒಳಪಡಿಸಲು ಒಪ್ಪುತ್ತಾನೆ. ಆ ಹುಡುಗಿ ಅವಮಾನದಲ್ಲಿ ನವೆದು ಸಾಯುತ್ತಾಳೆ. ಬಹುಕಾಲದ ಮೇಲೆ ಒಬ್ಬ ಮುದುಕ, ಹಳೆಯ ಕಡತಗಳನ್ನು ಓದಿ, ಈ ಜಾಗ ಮೌಲ್ ವಂಶದವರಿಗೇ ಸಲ್ಲಬೇಕೆಂದು ಯೋಚಿಸತೊಡಗುತ್ತಾನೆ. ಅವನೂ ಹಠಾತ್ತನೆ ಸಾಯುತ್ತಾನೆ. ಕೊಲೆಯೆಂಬ ಆರೋಪ ಕ್ಲಿಫರ್ಡ್ ಎಂಬ ಮೃದು ಸ್ವಭಾವದ ತರುಣನ ತಲೆಗೆ ಬಂದು, ಅವನ ಮೂವತ್ತು ವರ್ಷ ಸೆರೆಯಲ್ಲಿ ಕಳೆಯುತ್ತದೆ.

ಕಾದಂಬರಿಯ ಮುಖ್ಯ ಕಥೆ ಆ ಬಳಿಕದ್ದು. ಪಾಳುಬಿದ್ದ ಮನೆಯಲ್ಲಿ ಕ್ಲಿಫರ್ಡನ ಅಕ್ಕ ಹೆಪ್‌ಜಿಬಾ ಒಬ್ಬಳೇ ಇದ್ದಾಳೆ. ಹೊಟ್ಟೆಗಿಲ್ಲದೆ ಬೀದಿಯ ಕಡೆಯ ಕೋಣೆಯಲ್ಲಿ ಚಿಲ್ಲರೆ ಅಂಗಡಿ ತೆರೆಯುತ್ತಾಳೆ. ಗಿರಾಕಿಯ ಕೈಯಿಂದ ಕಾಸು ಪಡೆಯಲು ಮೊದಲ ದಿನ ಆಕೆ ಪಡುವ ಸಂಕಟವನ್ನು ಲೇಖಕ ಪುಟಗಟ್ಟಲೆ ಚಿತ್ರಿಸುತ್ತಾನೆ. ಕೈಲಾಗದ ದೊಡ್ಡಸ್ತಿಕೆ ಮನುಷ್ಯನನ್ನು ಎಷ್ಟು ಕಟ್ಟಿಹಾಕುತ್ತದೆ, ಕಾಯಕ ಹೇಗೆ ಬಿಡಿಸುತ್ತದೆ ಎಂಬುದಕ್ಕೆ ಈ ಭಾಗ ಒಂದು ನಿದರ್ಶನ. ಹಳ್ಳಿಯಿಂದ ಬಂದ ಬಂಧುವಿನ ಮಗಳು ಫೀಬಿ ನಗುನಗುತ್ತ ಅಂಗಡಿ ನಡೆಸುತ್ತಾಳೆ. ಸೆರೆಯಿಂದ ಬಂದ ಕ್ಲಿಫರ್ಡನಿಗೆ ಮಗಳಂತೆ ಆಸರೆಯಾಗುತ್ತಾಳೆ. ಊರಿನ ಗಣ್ಯನಾದ ದಾಯಾದಿ ಜಾಫ್ರಿ ಪಿಂಚನ್ ಮಾತ್ರ, ಬಚ್ಚಿಟ್ಟ ಆಸ್ತಿಯ ಗುಟ್ಟು ಹೇಳದಿದ್ದರೆ ಹುಚ್ಚಾಸ್ಪತ್ರೆಗೆ ಸೇರಿಸುವುದಾಗಿ ಕ್ಲಿಫರ್ಡನನ್ನು ಬೆದರಿಸಲು ಬರುತ್ತಾನೆ. ಅದೇ ಕುರ್ಚಿಯಲ್ಲಿ ಕುಳಿತವನು ಮೂಲಪುರುಷನಂತೆಯೇ ಸಾಯುತ್ತಾನೆ. ವಂಶದಲ್ಲಿ ಇಳಿದುಬಂದ ಕಾಯಿಲೆಯೇ ಈ ಸಾವುಗಳಿಗೆ ಕಾರಣವೆಂಬ ಸೂಚನೆಯೂ ಕಥೆಯಲ್ಲಿದೆ. ಮುದುಕನ ಸಾವಿನ ರಾತ್ರಿ ಕಾಗದಪತ್ರ ಕದ್ದು ನೋಡುತ್ತಿದ್ದವನು, ಸಂಶಯ ಕ್ಲಿಫರ್ಡನ ಮೇಲೆ ಬೀಳುವಂತೆ ಮಾಡಿದವನು ಈ ಜಾಫ್ರಿಯೇ ಎಂದು ಕೊನೆಗೆ ತಿಳಿಯುತ್ತದೆ.

ಚಿತ್ರಪಟದ ಹಿಂದಿನ ಕಾಗದ

ಆ ಮನೆಯಲ್ಲಿ ಬಾಡಿಗೆಗಿದ್ದ ಹಾಲ್‌ಗ್ರೇವ್ ಎಂಬ ಫೋಟೋ ತೆಗೆಯುವ ತರುಣ ನಿಜವಾಗಿ ಮೌಲ್ ವಂಶದವನು. ಕರ್ನಲನ ಚಿತ್ರಪಟದ ಹಿಂದಿನ ಗುಪ್ತ ಗೂಡನ್ನು ಅವನು ತೋರಿಸುತ್ತಾನೆ. ಮನೆ ಕಟ್ಟಿದ ಬಡಗಿಯೇ ತಂದೆಯ ಸಾವಿನ ಸೇಡಿಗಾಗಿ ಆ ಪತ್ರವನ್ನು ಅಲ್ಲಿ ಅಡಗಿಸಿದ್ದ. ವಂಶವೆಲ್ಲ ಹುಡುಕಿದ ಹಕ್ಕುಪತ್ರ ಆ ಪಟದ ಹಿಂದೆಯೇ ಇತ್ತು; ಸಿಗುವ ಹೊತ್ತಿಗೆ ಅದಕ್ಕೆ ಕವಡೆಯ ಬೆಲೆಯೂ ಉಳಿದಿರಲಿಲ್ಲ. ಆ ಪತ್ರಕ್ಕೆ ಸಹಿಯಾಗಿ ಚಿಹ್ನೆಗಳನ್ನು ಬರೆದವರು ಮೂಲನಿವಾಸಿ ಮುಖ್ಯಸ್ಥರು ಎಂಬುದನ್ನು ಗಮನಿಸಬೇಕು. ನಿಜವಾದ ಸೇಲಂ ಕೂಡ ಅಂಥದೇ ಪತ್ರದ ಮೇಲೆ ನಿಂತ ಊರು: ವಲಸಿಗರು ಬಂದು ಅರವತ್ತು ವರ್ಷಗಳಾದ ಮೇಲೆ, 1686ರಲ್ಲಿ, ಮೂಲನಿವಾಸಿ ಮುಖ್ಯಸ್ಥನ ವಾರಸುದಾರರಿಗೆ 20 ಪೌಂಡು ಕೊಟ್ಟು ಊರಿನ ನೆಲಕ್ಕೆ ಕ್ರಯಪತ್ರ ಮಾಡಿಸಿಕೊಂಡರು. ಮೌಲನ ಗುಡಿಸಲಿಗೂ ಮೊದಲು ಆ ಒರತೆಯ ನೀರು ಕುಡಿದವರು ಬೇರೆಯೇ ಇದ್ದರು.

ಫೀಬಿ ಮತ್ತು ಹಾಲ್‌ಗ್ರೇವ್ ಮದುವೆಯಾಗುವುದರೊಂದಿಗೆ ಎರಡು ವಂಶಗಳ ಹಗೆ ತೀರುತ್ತದೆ. ಎಲ್ಲರೂ ಆ ಮನೆಯನ್ನು ಬಿಟ್ಟು, ಸತ್ತ ಜಾಫ್ರಿಯ ಹಳ್ಳಿಮನೆಗೆ ಹೊರಡುತ್ತಾರೆ. ಅನ್ಯಾಯದ ಸಿರಿಯೇ ಮತ್ತೆ ಇವರ ಕೈಸೇರಿತಲ್ಲ, ಇದು ತೀರಾ ಸುಲಭದ ಮುಕ್ತಾಯ ಎಂದು ಆಕ್ಷೇಪಿಸಿದ ಓದುಗರಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಾಥಾರ್ನನ ಮನಸ್ಸು ಶಾಪವನ್ನು ಕಂಡಷ್ಟು ಸ್ಪಷ್ಟವಾಗಿ ಬಿಡುಗಡೆಯನ್ನು ಕಾಣಲಿಲ್ಲವೇನೋ.

ಬಿಡುಗಡೆಯ ಹಾದಿ ಕಂಡದ್ದು ಕಾದಂಬರಿಯ ಆಚೆಗೆ. ವ್ಯಾಪಾರಿ ಮನೆತನದ ಸಿರಿಗೆ ವಾರಸುದಾರಳಾಗಿದ್ದ ಕ್ಯಾರೊಲಿನ್ ಎಮರ್ಟನ್ ಎಂಬ ಮಹಿಳೆ 1908ರಲ್ಲಿ ಈ ಹಳೆಯ ಮನೆಯನ್ನು ಕೊಂಡಳು. ವಾಸ್ತುಶಿಲ್ಪಿ ಜೋಸೆಫ್ ಚಾಂಡ್ಲರನ ನೆರವಿನಿಂದ ಬಿದ್ದುಹೋದ ಕೋಡುಗಳನ್ನು ಮತ್ತೆ ಎಬ್ಬಿಸಿದಳು. ಕಥೆಯ ಓದುಗರಿಗಾಗಿ, ಮೂಲದಲ್ಲಿ ಇಲ್ಲದ ಹೆಪ್‌ಜಿಬಾಳ ಅಂಗಡಿಯನ್ನೂ ಸೇರಿಸಿದಳು. 1910ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ಪ್ರವೇಶಶುಲ್ಕದ ಹಣ ಹೋದದ್ದು ಆ ಕೇರಿಗೆ ಬಂದಿಳಿದ ಬಡ ವಲಸಿಗರ ಮಕ್ಕಳ ಪಾಠಕ್ಕೆ, ಹೊಲಿಗೆ, ಕಸುಬುಗಳ ಕಲಿಕೆಗೆ. ವಲಸಿಗರಿಗೆ ನೆರವಾಗುವ ಆ ಕೆಲಸ ಇಂದಿಗೂ ನಿಂತಿಲ್ಲ. ಇಂದಿನ ಪ್ರವಾಸಿ ಚಿಮಣಿಯ ಮಗ್ಗುಲಿನ ಇಕ್ಕಟ್ಟಾದ ಗುಪ್ತ ಮೆಟ್ಟಿಲುಗಳನ್ನು ಹತ್ತಿ ಅಟ್ಟ ನೋಡಬಹುದು. 1958ರಲ್ಲಿ ಪಕ್ಕಕ್ಕೆ ಸಾಗಿಸಿ ತಂದು ನಿಲ್ಲಿಸಿದ ಹಾಥಾರ್ನ್ ಹುಟ್ಟಿದ ಮನೆಯನ್ನೂ ನೋಡಬಹುದು.

1692ರ ಸಾಲವನ್ನು ತೀರಿಸುವ ಕೆಲಸವೂ ನಿಧಾನವಾಗಿ ಸಾಗಿಬಂದಿದೆ. 1711ರಲ್ಲಿ ಸರ್ಕಾರ ಹಲವರ ಮೇಲಿನ ತೀರ್ಪು ರದ್ದುಪಡಿಸಿ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಮರಣದಂಡನೆಗೆ ಗುರಿಯಾಗಿ ಬದುಕುಳಿದಿದ್ದ ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ಮಾತ್ರ ಪಟ್ಟಿಯಲ್ಲಿ ಹಾಗೆಯೇ ಉಳಿದಿತ್ತು. ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು ತಮ್ಮ ಶಿಕ್ಷಕಿಯೊಂದಿಗೆ ಹಳೆಯ ದಾಖಲೆಗಳನ್ನು ತಿರುವಿಹಾಕಿ ಶಾಸನಸಭೆಗೆ ಮೊರೆಯಿಟ್ಟದ್ದರಿಂದ, 2022ರಲ್ಲಿ ಆಕೆಯೂ ನಿರ್ದೋಷಿಯೆಂದು ಘೋಷಿತಳಾದಳು. ಆಕೆಗೆ ನೇರ ವಾರಸುದಾರರು ಇರಲಿಲ್ಲ. ಆ ಮಕ್ಕಳೇ ವಾರಸುದಾರರ ಕರ್ತವ್ಯ ಮಾಡಿದರು.

ಒಂದು ತಲೆಮಾರಿನ ತಪ್ಪು ಮುಂದಿನವುಗಳಲ್ಲೂ ಬದುಕಿರುತ್ತದೆ ಎಂಬುದೇ ತನ್ನ ಕಥೆಯ ನೀತಿಯೆಂದು ಹಾಥಾರ್ನ್ ಮುನ್ನುಡಿಯಲ್ಲಿ ಹೇಳಿದ್ದಾನೆ. ಹಿರಿಯರಿಂದ ಬಂದ ಹೊಲ, ಮನೆಗಳ ಪತ್ರಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಯಾವ ಸಂಸಾರಕ್ಕೂ ಈ ಮಾತು ದೂರದ್ದಲ್ಲ. ಆಸ್ತಿಯ ಜೊತೆಗೆ ಅದು ಬಂದ ಬಗೆಯೂ ಮಕ್ಕಳ ಪಾಲಿಗೆ ಬರುತ್ತದೆ. ಸೇಲಂ ಊರಿನ ಆ ಮನೆ ಟರ್ನರ್ ಕುಲಕ್ಕೂ ಉಳಿಯಲಿಲ್ಲ, ಇಂಗರ್‌ಸಾಲ್ ಕುಲಕ್ಕೂ ಉಳಿಯಲಿಲ್ಲ. ಅನ್ಯರ ಮಕ್ಕಳಿಗೆ ಅಕ್ಷರ ಕಲಿಸಲು ನಿಂತ ಮೇಲೆ ಮಾತ್ರ ಉಳಿಯಿತು.