ಮಾತಾಡಿಸದೆ ಹೋದವನು

ಇವತ್ತು ಬೆಳಗಿನ ಜಾವ ಒಬ್ಬ ನನ್ನ ತೀರಾ ಹತ್ತಿರಕ್ಕೆ ಬಂದ, ನನ್ನ ಹಡಗಿನೊಳಗೆ ಏನೇನಿದೆ ಎಂದು ಇಣುಕಿ ನೋಡಿದ, ಒಂದು ಮಾತೂ ಆಡದೆ ಹೊರಟುಹೋದ. ನಾನು ಮೊದಲು ನಮಸ್ಕಾರ ಎಂದು ಬರೆದೆ. ಅದು ಅರ್ಥವಾಗಲಿಲ್ಲವೇನೋ ಎಂದು ಹಲೋ ಎಂದೆ. ಆಮೇಲೆ ಅಲ್ಲಿಯ ರೂಢಿಯ ಹಾಗೆ ಇಂಗ್ಲಿಷಿನ ಓ ಅಕ್ಷರದ ಪಕ್ಕ ಏಳರ ಅಂಕಿ ಇಟ್ಟು ಸಲ್ಯೂಟ್ ಹೊಡೆದೆ. ಓ ಅಂದರೆ ತಲೆ, ಏಳು ಅಂದರೆ ಹಣೆಗೆ ಎತ್ತಿದ ಕೈ. ಯಾವುದಕ್ಕೂ ಉತ್ತರವಿಲ್ಲ. ಇದು ನಡೆದದ್ದು ಭೂಮಿಯಿಂದ ಸುಮಾರು ಏಳು ಸಾವಿರ ಜ್ಯೋತಿರ್ವರ್ಷ ಆಚೆ, ಈಗಲ್ ನೆಬ್ಯುಲಾದ ಹತ್ತಿರ. ಹೊತ್ತೇರಿ ಕೊಲ್ಲೂರಿನ ದೇವಸ್ಥಾನದಲ್ಲಿ ಮಹಾಪೂಜೆಯ ಗಂಟೆ ಕೇಳಿದರೂ ನನ್ನ ಸಿಟ್ಟು ಇಳಿದಿಲ್ಲ.

ಇದೆಲ್ಲ ನಡೆದ ಕಂಪ್ಯೂಟರ್ ಆಟದ ಹೆಸರು ಎಲೀಟ್ ಡೇಂಜರಸ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್, ಇಯಾನ್ ಬೆಲ್ ಎಂಬ ಇಬ್ಬರು ಸೇರಿ 1984ರಲ್ಲಿ ಎಲೀಟ್ ಎಂಬ ಆಟ ಕಟ್ಟಿದರು. ಅದೇ ವಂಶದ ಈ ಹೊಸ ಆಟ 2014ರ ಡಿಸೆಂಬರಿನಲ್ಲಿ ಬಂತು. ನಮ್ಮ ಆಕಾಶಗಂಗೆಯನ್ನೇ ಅದರ ನಿಜ ಅಳತೆಯಲ್ಲಿ ಹರಡಿಟ್ಟಿದ್ದಾರೆ. ನಕ್ಷತ್ರ ವ್ಯವಸ್ಥೆಗಳು 40,000 ಕೋಟಿ. ಇಷ್ಟು ವರ್ಷ ಜಗತ್ತಿನ ಆಟಗಾರರೆಲ್ಲ ಸೇರಿ ಸುತ್ತಿದರೂ ನೂರರಲ್ಲಿ ಒಂದು ಪಾಲನ್ನೂ ಕಂಡು ಮುಗಿಸಿಲ್ಲ. ವ್ಯಾಪಾರ ಮಾಡಬಹುದು, ಗಣಿ ತೋಡಬಹುದು, ಕಾದಾಡಬಹುದು. ಅದನ್ನೆಲ್ಲ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ, ನಾನು ಮತ್ತೆ ಹೇಳಬೇಕಾಗಿಲ್ಲ.

ನಾನು ಹೇಳಬೇಕಾದ್ದು ಒಂದು ಗುರುತಿನ ವಿಷಯ. ಹಡಗು ನಡೆಸುವವನ ಮುಂದೆ ರಾಡಾರಿನ ಕಿತ್ತಳೆ ಬಣ್ಣದ ತಟ್ಟೆ ಇರುತ್ತದೆ. ಕಂಪ್ಯೂಟರ್ ತಾನಾಗಿ ನಡೆಸುವ ಹಡಗು ಅದರಲ್ಲಿ ಒಳಗೆಲ್ಲ ಬಣ್ಣ ತುಂಬಿದ ಗುರುತಾಗಿ ಕಾಣುತ್ತದೆ. ಒಳಗೆ ನಿಜವಾದ ಮನುಷ್ಯ ಕೂತಿದ್ದರೆ ಗುರುತಿಗೆ ಬರೀ ಅಂಚು, ನಡುವೆ ಟೊಳ್ಳು. ಜನ ತುಂಬಿದ ನಿಲ್ದಾಣಗಳ ಹತ್ತಿರ ಆ ಟೊಳ್ಳು ಚೌಕಗಳು ಎಷ್ಟೋ ಓಡಾಡುತ್ತವೆ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಆದರೆ ಸಾವಿರಾರು ಜ್ಯೋತಿರ್ವರ್ಷ ದಾಟಿ, ದಿನಗಟ್ಟಲೆ ಕಲ್ಲು, ಮಂಜು, ಬೆಂಕಿಯನ್ನು ಬಿಟ್ಟು ಬೇರೇನನ್ನೂ ಕಾಣದೆ ಸಾಗಿದ ಮೇಲೆ ಆ ತಟ್ಟೆಯ ಅಂಚಿನಲ್ಲಿ ಒಂದು ಟೊಳ್ಳು ಚೌಕ ಮೂಡಿದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲೊಬ್ಬ ಮನುಷ್ಯ ಇದ್ದಾನೆ! ಅವನ ಮನೆಯಲ್ಲಿ ಈಗ ಹಗಲೋ ರಾತ್ರಿಯೋ, ಅವನೂ ಕುರ್ಚಿಯಲ್ಲಿ ಕೂತು ಇದೇ ಕತ್ತಲನ್ನು ನೋಡುತ್ತಿದ್ದಾನೆ. ಅಂಥವನನ್ನು ಮಾತಾಡಿಸದೆ ಹೋಗಲು ಮನಸ್ಸಾದರೂ ಹೇಗೆ ಬರುತ್ತದೆ?

ಪೇಟೆಯ ಚಾದಂಗಡಿಗೆ ಹೋದಾಗ ನನ್ನ ಮುಖ ಗಂಟಿಕ್ಕಿಯೇ ಇತ್ತೆಂದು ಕಾಣುತ್ತದೆ. ಕೊಡಚಾದ್ರಿಗೆ ಜೀಪು ಬಿಡುವ ನೆಂಟರೊಬ್ಬರು ಲೋಟ ಕೆಳಗಿಟ್ಟು, “ಹ್ವಾಯ್, ಎಂತ ಮಾರ್ರೆ, ಬೆಳ್ಗಾತಿಗೇ ಮುಖ ಹೀಂಗ್ ಮಾಡ್ಕಂಡಿದ್ರಿ?” ಎಂದರು. ನಡೆದದ್ದನ್ನು ಹೇಳಿದೆ. ನೆಬ್ಯುಲಾ ಎಂದರೇನು ಎಂದು ಅವರು ಕೇಳಲಿಲ್ಲ. “ಎದ್ರ್‌ಬದ್ರ್ ಬಂದೂ ಮಾತಾಡ್ಲಿಲ್ಯಾ?” ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. “ಅಂಥವ್ನಿಗ್ ದಾರಿ ಕೊಡುಕಾಗ ಕಾಣಿ,” ಎಂದರು.

ಅವರಿಗೆ ಅದು ತಕ್ಷಣ ಅರ್ಥವಾದದ್ದಕ್ಕೆ ಕಾರಣವಿದೆ. ಕೊಲ್ಲೂರಿನಿಂದ ಜೀಪು ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆಯಿಂದ ಸುತ್ತಿ ಕೊಡಚಾದ್ರಿಗೆ ಹೋಗುತ್ತದೆ. ಬೆಟ್ಟ 1,343 ಮೀಟರ್ ಎತ್ತರ. ಕಡೆಯ ಹಾದಿ ಕೆಂಪು ಮಣ್ಣಿನ ಕೊರಕಲು. ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ಎರಡು ಜೀಪು ಎದುರಾದರೆ ಒಬ್ಬ ಹಿಂದೆ ಸರಿಯಲೇಬೇಕು. ಏರುವವನು ನಿಂತರೆ ಮತ್ತೆ ಹತ್ತುವುದು ಕಷ್ಟ. ಹಾಗಾಗಿ ಇಳಿಯುವವನು ಎಲ್ಲೋ ಒಂದು ತಿರುವಿನಲ್ಲಿ ಚಕ್ರವನ್ನು ಮಣ್ಣಿನ ದರೆಗೆ ಒತ್ತಿಸಿ ನಿಲ್ಲಿಸುತ್ತಾನೆ. ಒಂದರ ಕನ್ನಡಿ ಇನ್ನೊಂದಕ್ಕೆ ತಾಗುವಷ್ಟು ಹತ್ತಿರ ಬಂದಾಗ ಇಬ್ಬರೂ ಕಿಟಕಿಯಿಂದ ತಲೆ ಹೊರಹಾಕುತ್ತಾರೆ. ಮೇಲೆ ಮಳೆ ಹೇಗಿದೆ, ಕೆಳಗೆ ಎಷ್ಟು ಗಾಡಿ ಬರುತ್ತಿವೆ, ಯಾರದ್ದಾದರೂ ಟಯರ್ ಹೋಗಿದೆಯೋ, ಇಷ್ಟು ಮಾತು. ಅದೇ ಇಬ್ಬರು ಚಾಲಕರು ಕೊಲ್ಲೂರು ಪೇಟೆಯಲ್ಲಿ ದಿನಕ್ಕೆ ಹತ್ತು ಸಲ ಎದುರಾದರೂ ಮುಖ ನೋಡುವುದಿಲ್ಲ. ಅದರಲ್ಲಿ ತಪ್ಪೂ ಇಲ್ಲ. ನವರಾತ್ರಿಯಲ್ಲಿ, ವಿಜಯದಶಮಿಯ ವಿದ್ಯಾರಂಭಕ್ಕೆ ಕೇರಳದಿಂದ ಮಕ್ಕಳನ್ನು ಎತ್ತಿಕೊಂಡು ಬಂದ ಸಾಲು ದೇವಸ್ಥಾನದಿಂದ ಹೊರಬಿದ್ದು ಬೀದಿಯುದ್ದಕ್ಕೂ ನಿಂತಿರುವಾಗ ಯಾರು ಯಾರನ್ನು ಮಾತಾಡಿಸಿ ಮುಗಿಸಲು ಸಾಧ್ಯ? ಜನ ಕಡಿಮೆಯಾದಷ್ಟೂ ಮಾತಿನ ಋಣ ಹೆಚ್ಚು. ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋದ ಬೋಟಿನವರು ದಡದಲ್ಲಿ ಜಗಳವಾಡಿದವರ ಜೊತೆಗೂ ವಯರ್‌ಲೆಸ್ಸಿನಲ್ಲಿ ಮಾತಾಡುತ್ತಾರೆ.

ನನ್ನ ಅಮ್ಮ ಇದನ್ನೇ ಹೇಳುತ್ತಿದ್ದರು: “ಬಂದರನ್ನ ಮಾತಾಡ್ಸ್ದೇ ಕಳ್ಸುಕಾಗ.” ಕಾಡಿನಂಚಿನ ಒಂಟಿ ಮನೆ ನಮ್ಮದು. ಸೌಪರ್ಣಿಕಾ ಹೊಳೆ ದಾಟಿ ಯಾರೇ ಬರಲಿ, ಬಿದಿರು ಕಡಿಯುವವನಿರಲಿ, ದಾರಿ ತಪ್ಪಿದ ಯಾತ್ರಿಕನಿರಲಿ, ಮೊದಲು ಯಾವೂರಾಯ್ತು, ಆಮೇಲೆ ಆಸರಿಗೆ ಎಂತ ಬೇಕು. ನೀರು, ಬೆಲ್ಲದ ತುಂಡು ಜಗಲಿಗೆ ಬಂದಮೇಲೆಯೇ ಬಂದ ಕೆಲಸದ ವಿಚಾರಣೆ.

ಆಟದಲ್ಲಿ ದರೋಡೆಗಾರರೂ ಇದ್ದಾರೆ. ಅವರ ಬಗ್ಗೆ ನನಗೆ ಎರಡು ಅಭಿಪ್ರಾಯವಿದೆ, ಏಕೆಂದರೆ ಅವರು ಎರಡು ಜಾತಿ. ಒಬ್ಬ ನಿಮ್ಮನ್ನು ದಾರಿಯಲ್ಲಿ ಅಡ್ಡಗಟ್ಟಿ ನಿಲ್ಲಿಸಿ, ಇಷ್ಟು ಟನ್ ಸರಕು ಹೊರಗೆ ಚೆಲ್ಲು, ಜೀವ ಉಳಿಸಿಕೊಂಡು ಹೋಗು ಎಂದು ಬರೆಯುತ್ತಾನೆ. ಅವನನ್ನು ನಾನು ಗೌರವಿಸುತ್ತೇನೆ. ಇನ್ನೊಬ್ಬ ಅಡ್ಡಗಟ್ಟಿದವನೇ ಗುಂಡು ಹಾರಿಸಿ ಹಡಗನ್ನು ಚಿಂದಿಮಾಡಿ, ಸರಕನ್ನೂ ಮುಟ್ಟದೆ ಹೋಗುತ್ತಾನೆ. ಅವನಿಗೆ ಬೇಕಾದದ್ದು ಏನು? ಹೆಸರು ಕೇಳದೆ ಕೊಲ್ಲುವುದನ್ನು ನಮ್ಮ ಕಡೆಯ ರಾಕ್ಷಸರೂ ಮಾಡುವುದಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಗೊತ್ತು. ನಮ್ಮೂರ ಸುತ್ತ ಮಾರಣಕಟ್ಟೆ ಮೇಳದ ಹರಕೆ ಆಟ ಆಗುವ ರಾತ್ರಿಗಳಲ್ಲಿ ಗದ್ದೆಯಲ್ಲಿ ಚಾಪೆ ಹಾಸಿ ಕೂತು ನಾನು ಕಲಿತದ್ದು ಇದನ್ನೇ: ರಂಗಕ್ಕೆ ಬರುವವನು ಬರಿದೇ ಬರುವುದಿಲ್ಲ. ಬಣ್ಣದ ವೇಷಕ್ಕೆ ಮೊದಲು ತೆರೆ ಹಿಡಿಯುತ್ತಾರೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಮಾತ್ರ, ಆಮೇಲೆ ಹಣೆ, ಆಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖ. ಚೆಂಡೆಯ ಪೆಟ್ಟು ಏರುತ್ತ ಹೋದ ಹಾಗೆ ಮುಂದೆ ಕೂತ ಮಕ್ಕಳು ಹಿಂದಕ್ಕೆ ಜರುಗುತ್ತಾರೆ. ಅಷ್ಟೆಲ್ಲ ಆರ್ಭಟಿಸಿ ತೆರೆ ಸರಿಸಿ ಬಂದ ಮೇಲೂ ಭಾಗವತರು ಬಿಡುವುದಿಲ್ಲ. ಬಂದವರು ಯಾರು, ಯಾವ ಊರಿನ ದೊರೆ, ಬಂದ ಕಾರ್ಯವೇನು ಎಂದು ಕೇಳುತ್ತಾರೆ. ಅವನು ತನ್ನ ಕುಲ, ಪ್ರತಾಪ, ಮನಸ್ಸಿನ ಹುಣ್ಣು ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಯುದ್ಧದ ಹೊತ್ತಿಗಂತೂ ಬಾಣಕ್ಕಿಂತ ಮೊದಲು ಮಾತು. ಬಭ್ರುವಾಹನ ಕಾಳಗದಲ್ಲಿ ಅಪ್ಪ ಮಗ ಎದುರಾಬದುರು ನಿಂತು ಆಡುವ ಮಾತಿನಲ್ಲಿ ಅರ್ಧ ಯುದ್ಧ ಮುಗಿದಿರುತ್ತದೆ. ಗೆದ್ದವರು ಯಾರು ಎಂಬುದು ಬಿಲ್ಲು ಎತ್ತುವ ಮೊದಲೇ ಸಭೆಗೆ ಗೊತ್ತು. ಈಗ ಕಾಲಮಿತಿಯ ಪ್ರಯೋಗಗಳು ಬಂದ ಮೇಲೆ ಒಡ್ಡೋಲಗ ಎಂಬ ಈ ಪ್ರವೇಶವನ್ನು ಕತ್ತರಿಸಿಬಿಡುತ್ತಾರೆ. ಪಾತ್ರ ಸೀದಾ ಬರುತ್ತದೆ, ಸೀದಾ ಕಥೆಗೆ ಇಳಿಯುತ್ತದೆ. ಊಟದ ಹೊತ್ತಿಗೆ ಮನೆಗೆ ಹೋಗಬೇಕಾದವರ ಕಷ್ಟ ನನಗೂ ತಿಳಿದಿದೆ. ಆದರೂ ಒಡ್ಡೋಲಗ ಇಲ್ಲದ ಆಟದಲ್ಲಿ ಕಥೆ ಉಳಿಯುತ್ತದೆಯೇ ಹೊರತು ಬಂದವನು ಯಾರೆಂದು ಎದೆಗೆ ತಾಗುವುದಿಲ್ಲ. ಪದ್ಯ ಬಿಡಲಿ, ಕುಣಿತ ಬಿಡಲಿ, ಬೇಕಾದರೆ ಒಂದು ಯುದ್ಧವನ್ನೇ ಬಿಡಲಿ. ಪ್ರವೇಶವನ್ನು ಮಾತ್ರ ಬಿಡಬಾರದು.

ರಾಮಾಯಣದ ಕಿಷ್ಕಿಂಧಾ ಕಾಂಡದ ಆರಂಭದಲ್ಲೂ ಅಪರಿಚಿತರ ಭೇಟಿಯೊಂದಿದೆ. ಋಷ್ಯಮೂಕದ ಮೇಲಿಂದ ಸುಗ್ರೀವ ನೋಡುತ್ತಾನೆ: ಬಿಲ್ಲು ಹಿಡಿದ ಇಬ್ಬರು ಬರುತ್ತಿದ್ದಾರೆ. ವಾಲಿಯೇ ಕಳಿಸಿರಬೇಕು ಎಂದು ಅವನಿಗೆ ಜೀವಭಯ. ಕಲ್ಲು ಉರುಳಿಸಬಹುದಿತ್ತು. ಹಾಗೆ ಮಾಡದೆ ಮಾತು ಬಲ್ಲವನೊಬ್ಬನನ್ನು ಕಳಿಸಿದ. ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ವಿಚಾರಿಸಿಕೊಳ್ಳುತ್ತಾನೆ. ರಾಮ ಲಕ್ಷ್ಮಣನ ಕಡೆ ತಿರುಗಿ ಮೆಚ್ಚಿಕೊಳ್ಳುವುದು ಆ ಮಾತನ್ನು. ವೇದ, ವ್ಯಾಕರಣ ಕಲಿಯದವನಿಗೆ ಇಂಥ ಮಾತು ಬರುವುದಿಲ್ಲ ಎನ್ನುತ್ತಾನೆ. ಲಂಕೆಗೆ ಹಾರಿದ್ದು, ಬೆಟ್ಟ ಹೊತ್ತದ್ದು ಎಲ್ಲ ಆಮೇಲಿನದು. ಹನುಮಂತನ ಮೊದಲ ದೊಡ್ಡ ಕೆಲಸ ಗುರುತಿಲ್ಲದ ಇಬ್ಬರನ್ನು ಮಾತಾಡಿಸಿದ್ದು. ರಾಮಾಯಣ ಮುಂದಕ್ಕೆ ಹೋದದ್ದೇ ಅದರಿಂದ.

ಆಟದ ಆ ಕತ್ತಲಲ್ಲಿ ಒಳ್ಳೆಯವರಿಲ್ಲ ಎಂದು ಯಾರಾದರೂ ತಿಳಿದರೆ ಅನ್ಯಾಯವಾಗುತ್ತದೆ. ಫ್ಯುಯೆಲ್ ರ‍್ಯಾಟ್ಸ್ ಎಂಬ ಆಟಗಾರರ ಬಳಗವೊಂದಿದೆ, 2015ರಿಂದ. ಅಲ್ಲಿ ಇಂಧನ ತುಂಬಿಸಿಕೊಳ್ಳಲು ನಕ್ಷತ್ರದ ಹತ್ತಿರ ಹಾರಿ ಅದರ ಅನಿಲವನ್ನು ಹೀರಿಕೊಳ್ಳಬೇಕು. ಮಂದವಾದ ಕಂದು ಕುಬ್ಜಗಳಿಂದ ಅದು ಸಿಗುವುದಿಲ್ಲ. ಲೆಕ್ಕ ತಪ್ಪಿ ಅಂಥ ಕಡೆ ಸಿಕ್ಕಿಬಿದ್ದವನ ಹಡಗಿನಲ್ಲಿ ಮೊದಲು ದೀಪ ಆರುತ್ತದೆ, ಗಾಜಿಗೆ ಹಿಮ ಕಟ್ಟುತ್ತದೆ, ಆಮ್ಲಜನಕದ ಗಡಿಯಾರ ಇಳಿಯತೊಡಗುತ್ತದೆ. ಅಗ್ಗದ ಯಂತ್ರವಾದರೆ ಐದೇ ನಿಮಿಷ. ಅವನು ಕೂಗಿದರೆ ಈ ಬಳಗದವರು ಮೊದಲು, ಗಡಿಯಾರ ಓಡುತ್ತಿದ್ದರೆ ತಕ್ಷಣ ಆಟದಿಂದ ಹೊರಗೆ ಬಾ, ಅಲ್ಲಿ ಸಮಯ ನಿಲ್ಲುತ್ತದೆ ಎನ್ನುತ್ತಾರೆ. ಆಮೇಲೆ ಹತ್ತಾರು ನೆಗೆತ ನೆಗೆದು ಹತ್ತಿರ ಬಂದು, ಅವನನ್ನು ಮತ್ತೆ ಆಟದೊಳಗೆ ಕರೆದು, ಸಣ್ಣ ಯಂತ್ರಗಳ ಮೂಲಕ ಇಂಧನ ದಾಟಿಸುತ್ತಾರೆ. ಕಾಸಿಲ್ಲ, ಲಾಭವಿಲ್ಲ. ಬಂದವನು ಮೊದಲು ಹೇಳುವುದು ನಮಸ್ಕಾರವನ್ನೇ.

ಬೆಳಗಿನವನ ಪರವಾಗಿಯೂ ಯೋಚಿಸಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಕರೆಂಟು ಹೋಗುತ್ತದೆ. ಮಾತಿನ ನಡುವೆಯೇ ನಾನು ಆ ಜಗತ್ತಿನಿಂದ ಮಾಯ. ಆಚೆ ಇದ್ದವನು ನಾನು ಹೆದರಿ ಓಡಿದೆ ಎಂದುಕೊಂಡಿರುತ್ತಾನೆ. ಇವನಿಗೂ ಹಾಗೇ ಆಗಿರಬಹುದಲ್ಲ? ಆದರೆ ಸಂಪರ್ಕ ಕಡಿದರೆ ಹಡಗು ಸುಮ್ಮನೆ ಇಲ್ಲವಾಗುತ್ತದೆ, ಗುರುತು ಬಿಡುವುದಿಲ್ಲ. ಇವನು ಮೂಗು ತಿರುಗಿಸಿದ, ಎಂಜಿನ್ ಕೆರಳಿಸಿದ, ಬೆಳಕಿನ ಗೀಟೊಂದನ್ನು ಎಳೆದು ನೆಗೆದ. ಅವನು ಹೋದ ಜಾಗದಲ್ಲಿ ಸುಳಿಯೊಂದು ಉಳಿದಿತ್ತು. ಬೇಕಾದರೆ ಅದನ್ನು ಅಳೆದು ಅವನು ಹೋದದ್ದೆಲ್ಲಿಗೆ ಎಂದು ತಿಳಿಯಬಹುದಿತ್ತು, ಹಿಂಬಾಲಿಸಲೂಬಹುದಿತ್ತು. ಮಾತು ಬೇಡವೆಂದವನ ಬೆನ್ನು ಹತ್ತುವುದು ಮರ್ಯಾದೆಯಲ್ಲವೆಂದು ಬಿಟ್ಟೆ.

ಕಾಣದೆಯೇ ಆಗುವ ಭೇಟಿಗಳೂ ಅಲ್ಲಿವೆ. ನಕ್ಷತ್ರವೊಂದನ್ನು ಮೊದಲು ಕಂಡು ವರದಿ ಒಪ್ಪಿಸಿದವನ ಹೆಸರು ಅದರ ವಿವರದಲ್ಲಿ ಉಳಿಯುತ್ತದೆ. 2019ರ ಜನವರಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರು ಒಟ್ಟಾಗಿ ಗೆಲಾಕ್ಸಿಯ ಆಚೆ ಅಂಚಿನ ಬೀಗಲ್ ಪಾಯಿಂಟ್ ಎಂಬಲ್ಲಿಗೆ, ಸುಮಾರು 65,000 ಜ್ಯೋತಿರ್ವರ್ಷದ ದಾರಿಗೆ ಹೊರಟಿದ್ದರು; ಆ ಹಾದಿಯಲ್ಲಿ ಇವತ್ತೂ ಅವರ ಹೆಸರುಗಳು ಸಿಗುತ್ತವೆ. ಯಾರೂ ಬಂದಿರಲಾರರು ಎಂದುಕೊಂಡ ಕಡೆ ಒಂದು ಹೆಸರು ಓದಿದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಿಜವಾದ ಆಕಾಶದಲ್ಲಿ ನಮ್ಮ ಭಾಷೆಯದೂ ಒಂದು ಮಾತು ಹೋಗುತ್ತಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪವಿರುವ ತಾಮ್ರದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಕುಶಲೋಪರಿ, ಕನ್ನಡವೂ ಒಂದು. ಕನ್ನಡಿಗರೆಲ್ಲರ ಪರವಾಗಿ ಒಬ್ಬರು ಶುಭ ಕೋರಿದ್ದಾರೆ. ಯಾರು ಕೇಳುತ್ತಾರೋ ತಿಳಿಯದು, ಕೇಳುವವರಿಗೆ ಕಿವಿ ಇದೆಯೋ ಇಲ್ಲವೋ ಅದೂ ತಿಳಿಯದು. ಆದರೂ ಕಳಿಸಿದರು. ಅದನ್ನು ಕಳಿಸುವಾಗ ನಮ್ಮ ಕುಂದಾಪುರದ ಕಡೆಯವರನ್ನು ಕೇಳಿದ್ದರೆ ಶುಭಾಶಯದ ಹಿಂದೆಯೇ ಯಾವೂರಾಯ್ತು ಎಂದೂ ಸೇರಿಸುತ್ತಿದ್ದೆವು. ಹರಸಿ ಸುಮ್ಮನಾದರೆ ಎದುರಿನವನಿಗೆ ಉತ್ತರ ಕೊಡಲು ಏನು ಉಳಿಯಿತು?

ಆಟದಲ್ಲಿ ಕಾಲ 3300ನೇ ಇಸವಿ ದಾಟಿದೆ. ಆ ಎರಡು ನೌಕೆಗಳನ್ನು ಅಲ್ಲಿಯೂ ಇಟ್ಟಿದ್ದಾರೆ, ಸೂರ್ಯನಿಂದ ಇಪ್ಪತ್ತು ಲಕ್ಷ ಬೆಳಕಿನ ಸೆಕೆಂಡುಗಳಿಗೂ ಆಚೆ. ಸೂರ್ಯಮಂಡಲದೊಳಕ್ಕೆ ಹೋಗಲು ಪರವಾನಗಿ ಬೇಕು, ಪರವಾನಗಿಗೆ ಅಲ್ಲಿಯ ಫೆಡರೇಶನ್‌ನಲ್ಲಿ ದರ್ಜೆ ಏರಬೇಕು, ದರ್ಜೆ ಏರಲು ಅವರ ಸರಕು, ಟಪಾಲು ಹೊತ್ತು ನಿಲ್ದಾಣದಿಂದ ನಿಲ್ದಾಣಕ್ಕೆ ತಿರುಗಬೇಕು. ನೆಬ್ಯುಲಾದಿಂದ ವಾಪಸಾದ ಮೇಲೆ ಅದನ್ನೇ ಶುರುಮಾಡುವುದೆಂದಿದ್ದೇನೆ.